ಆಹಾರಸೇವನೆಯ ಅಸ್ವಸ್ಥತೆಗಳು: ವಯಸ್ಕರಲ್ಲಿ ಸ್ವಬಿಂಬ ಮತ್ತು ಆತ್ಮಹತ್ಯೆಯ ಅಪಾಯ

ಊಟ, ತೂಕ ಮತ್ತು ಮೈಯ ಆಕಾರದ ಚಿಂತೆಯೇ ದಿನವಿಡೀ ಮನಸ್ಸನ್ನು ಆಳುವಂತಾಗಿ, ತಿನ್ನುವ ಕ್ರಮವು ಆರೋಗ್ಯವನ್ನೂ ಸಂಬಂಧಗಳನ್ನೂ ಕೆಡಿಸುವಷ್ಟು ಏರುಪೇರಾಗುವ ಮನೋರೋಗಗಳನ್ನು ಒಟ್ಟಾಗಿ ಆಹಾರಸೇವನೆಯ ಅಸ್ವಸ್ಥತೆಗಳು ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಈಟಿಂಗ್ ಡಿಸಾರ್ಡರ್ ಎಂಬ ಮಾತೇ ಹೆಚ್ಚು ರೂಢಿ. ಇವು ಪ್ರಾಣಕ್ಕೆ ಎರವಾಗಬಲ್ಲ ರೋಗಗಳೆಂಬುದು ಬಹುಕಾಲದಿಂದ ಗೊತ್ತಿದ್ದರೂ, ಆ ಸಾವುಗಳಲ್ಲಿ ಗಣನೀಯ ಪಾಲು ಆತ್ಮಹತ್ಯೆಯಿಂದ ಸಂಭವಿಸುತ್ತದೆ ಎಂಬ ಸಂಗತಿ ಸಾರ್ವಜನಿಕರಿಗಿರಲಿ, ಚಿಕಿತ್ಸಕರಿಗೂ ನಿಧಾನವಾಗಿಯೇ ಮನದಟ್ಟಾಯಿತು. ತೂಕದ ಯಂತ್ರ ಈ ಅಪಾಯವನ್ನು ತೋರಿಸುವುದಿಲ್ಲ. ವ್ಯಕ್ತಿ ತನ್ನನ್ನು ತಾನು ಹೇಗೆ ಕಾಣುತ್ತಾನೆ, ತನ್ನೊಂದಿಗೆ ತಾನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ವಿಚಾರಿಸಿದಾಗ ಅದರ ಸುಳಿವು ಸಿಗುತ್ತದೆ. ಸ್ವಬಿಂಬದ ಅಧ್ಯಯನಕ್ಕೆ ಈ ಕ್ಷೇತ್ರದಲ್ಲಿ ಮಹತ್ವ ಬಂದಿರುವುದು ಇದೇ ಕಾರಣದಿಂದ.

ಮುಖ್ಯ ಬಗೆಗಳು

ತೂಕ ಹೆಚ್ಚುವ ಭಯದಿಂದ ಊಟವನ್ನು ಕಡಿತಗೊಳಿಸುತ್ತ ಹೋಗಿ, ದೇಹ ಬಡಕಲಾದರೂ ಅದನ್ನು ದಪ್ಪವೆಂದೇ ಅನುಭವಿಸುವ ಸ್ಥಿತಿ ಅನೊರೆಕ್ಸಿಯಾ ನರ್ವೋಸಾ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಷಾರ್ಲ್ ಲಸೇಗ್ ಇದನ್ನು ಬೇರೆಬೇರೆಯಾಗಿ ವಿವರಿಸಿದರು. ಗ್ರೀಕ್ ಮೂಲದ ಈ ಹೆಸರಿಗೆ ಹಸಿವಿಲ್ಲದಿರುವುದು ಎಂಬ ಅರ್ಥವಿದ್ದರೂ ರೋಗಿಗೆ ಹಸಿವಿರುತ್ತದೆ, ಆ ಹಸಿವಿನ ವಿರುದ್ಧದ ಹಗಲಿರುಳ ಹೋರಾಟವೇ ರೋಗವಾಗಿರುತ್ತದೆ. ಅಲ್ಪ ಅವಧಿಯಲ್ಲಿ ಹತೋಟಿ ಮೀರಿ ತಿಂದು, ಬಳಿಕ ವಾಂತಿ, ಭೇದಿಮಾತ್ರೆ, ಉಪವಾಸ ಅಥವಾ ಅತಿಯಾದ ವ್ಯಾಯಾಮದಿಂದ ಅದನ್ನು ಸರಿದೂಗಿಸಲು ಯತ್ನಿಸುವ ಬುಲಿಮಿಯಾ ನರ್ವೋಸಾಕ್ಕೆ ಆ ಹೆಸರನ್ನು ಕೊಟ್ಟವನು ಬ್ರಿಟನ್ನಿನ ಜೆರಾಲ್ಡ್ ರಸೆಲ್, 1979ರಲ್ಲಿ. ಹೀಗೆ ಸರಿದೂಗಿಸದೆ ಮಿತಿಮೀರಿ ತಿನ್ನುವುದಷ್ಟೇ ಮರುಕಳಿಸುವ ಬಿಂಜ್ ಈಟಿಂಗ್ ಅಸ್ವಸ್ಥತೆಯನ್ನು ಅಮೆರಿಕದ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಗುರುತಿಸಿದ್ದರೂ, ಅಮೆರಿಕದ ಮನೋವೈದ್ಯ ಸಂಘದ ರೋಗವರ್ಗೀಕರಣದಲ್ಲಿ ಅದಕ್ಕೆ ಸ್ವತಂತ್ರ ಸ್ಥಾನ ದೊರೆತದ್ದು 2013ರಲ್ಲಿ. ಒಂದೇ ವ್ಯಕ್ತಿ ವರ್ಷಗಳ ಅಂತರದಲ್ಲಿ ಈ ಬಗೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರುವುದು ಸಾಮಾನ್ಯ.

ದೇಹಬಿಂಬ ಮತ್ತು ಸ್ವಬಿಂಬ

ತನ್ನ ಮೈಯ ಗಾತ್ರ ಮತ್ತು ರೂಪದ ಬಗ್ಗೆ ವ್ಯಕ್ತಿಯ ಮನಸ್ಸಿನಲ್ಲಿ ಮೂಡಿರುವ ಚಿತ್ರವು ದೇಹಬಿಂಬ. ತಾನು ಎಂತಹವನು ಅಥವಾ ಎಂತಹವಳು, ಪ್ರೀತಿಗೆ ಅರ್ಹವೇ, ತಪ್ಪು ಮಾಡಿದಾಗ ಕ್ಷಮೆಗೆ ಯೋಗ್ಯವೇ ಎಂಬಂತಹ ಒಳಗಿನ ತೀರ್ಮಾನಗಳ ಮೊತ್ತವು ಸ್ವಬಿಂಬ. ಇವೆರಡೂ ಒಂದೇ ಅಲ್ಲವಾದರೂ ಆಹಾರಸೇವನೆಯ ಅಸ್ವಸ್ಥತೆಗಳಲ್ಲಿ ಮೊದಲನೆಯದು ಎರಡನೆಯದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಕನ್ನಡಿ ಮತ್ತು ತೂಕದ ಯಂತ್ರ ಹೇಳುವುದಷ್ಟೇ ವ್ಯಕ್ತಿತ್ವದ ಬೆಲೆಯಾಗಿ, ಓದು, ಕೆಲಸ, ಸ್ನೇಹ, ಹಾಡು, ಮಕ್ಕಳು ಯಾವುದೂ ಲೆಕ್ಕಕ್ಕೆ ಬಾರದಂತಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮನೋವೈದ್ಯೆ ಹಿಲ್ಡೆ ಬ್ರೂಕ್ 1962ರಲ್ಲಿ ಅನೊರೆಕ್ಸಿಯಾದ ಮೂರು ಮೂಲಲಕ್ಷಣಗಳನ್ನು ಹೇಳುವಾಗ ದೇಹಬಿಂಬದ ವಿಕೃತಿಯನ್ನೂ, ಹಸಿವು ಆಯಾಸಗಳಂತಹ ಒಳಸಂವೇದನೆಗಳನ್ನು ಗುರುತಿಸಲಾಗದಿರುವುದನ್ನೂ, ತನ್ನಿಂದ ಏನೂ ಆಗದು ಎಂಬ ಆಳವಾದ ನಿಷ್ಫಲತೆಯ ಭಾವವನ್ನೂ ಸೇರಿಸಿದ್ದಳು. ಮುಂದಿನ ದಶಕಗಳ ಸಂಶೋಧನೆ ಮೊದಲ ಲಕ್ಷಣದ ಬೆನ್ನುಹತ್ತಿ, ದೇಹದ ಗಾತ್ರವನ್ನು ರೋಗಿಗಳು ಎಷ್ಟು ತಪ್ಪಾಗಿ ಅಂದಾಜಿಸುತ್ತಾರೆಂದು ಅಳೆಯುವುದರಲ್ಲಿ ಬಹಳ ಶ್ರಮ ಹಾಕಿತು; ಆತ್ಮಹತ್ಯೆಯ ದೃಷ್ಟಿಯಿಂದ ಹೆಚ್ಚು ಬೆಳಕು ಚೆಲ್ಲಬಲ್ಲ ಮೂರನೆಯದು ಹಿಂದೆ ಉಳಿಯಿತು ಎನ್ನಬೇಕು.

ಸ್ವಬಿಂಬವನ್ನು ಅಳೆಯುವ ವಿಧಾನಗಳಲ್ಲಿ ಈ ವಿಷಯಕ್ಕೆ ಅತ್ಯಂತ ಉಪಯುಕ್ತವಾಗಿ ಪರಿಣಮಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಲೋರ್ನಾ ಸ್ಮಿತ್ ಬೆಂಜಮಿನ್ 1974ರಲ್ಲಿ ಮಂಡಿಸಿದ ಸಾಮಾಜಿಕ ವರ್ತನೆಯ ಸಂರಚನಾತ್ಮಕ ವಿಶ್ಲೇಷಣೆ. ಬಾಲ್ಯದಲ್ಲಿ ಮುಖ್ಯರಾದವರು ತನ್ನನ್ನು ನಡೆಸಿಕೊಂಡ ರೀತಿಯಲ್ಲೇ ಮನುಷ್ಯ ಮುಂದೆ ತನ್ನನ್ನು ತಾನು ನಡೆಸಿಕೊಳ್ಳಲು ಕಲಿಯುತ್ತಾನೆ ಎಂಬ ಹ್ಯಾರಿ ಸ್ಟ್ಯಾಕ್ ಸಲಿವನ್‌ನ ವಿಚಾರ ಇದರ ಬುನಾದಿ. ಗದರಿಸಿದವರು ಎದುರಿಗಿಲ್ಲದಿದ್ದರೂ ಗದರಿಕೆ ಒಳಗೆ ಉಳಿಯುತ್ತದೆ, ಮುದ್ದಿಸಿದವರು ತೀರಿಕೊಂಡರೂ ಮುದ್ದು ಉಳಿಯುತ್ತದೆ. ಇದರ ಪ್ರಶ್ನಾವಳಿಯಲ್ಲಿ 36 ಹೇಳಿಕೆಗಳಿದ್ದು, ಪ್ರತಿಯೊಂದೂ ತನಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂದು 0ಯಿಂದ 100ರವರೆಗಿನ ಅಂಕದಲ್ಲಿ ಗುರುತಿಸಬೇಕು. ಉತ್ತರಗಳನ್ನು ಎಂಟು ಗುಂಪುಗಳಾಗಿ ವಿಂಗಡಿಸಲಾಗುತ್ತದೆ: ತನಗೆ ತಾನು ಸ್ವಾತಂತ್ರ್ಯ ಕೊಟ್ಟುಕೊಳ್ಳುವುದು, ತನ್ನನ್ನು ಇದ್ದಂತೆ ಒಪ್ಪಿಕೊಳ್ಳುವುದು, ತನ್ನನ್ನು ಪ್ರೀತಿಸುವುದು, ತನ್ನನ್ನು ಕಾಪಾಡಿಕೊಳ್ಳುವುದು, ತನ್ನ ಮೇಲೆ ನಿಯಂತ್ರಣ ಹೇರಿಕೊಳ್ಳುವುದು, ತನ್ನನ್ನು ದೂಷಿಸಿಕೊಳ್ಳುವುದು, ತನ್ನ ಮೇಲೆ ದಾಳಿ ಮಾಡಿಕೊಳ್ಳುವುದು ಮತ್ತು ತನ್ನನ್ನು ಅಲಕ್ಷಿಸುವುದು. ಈ ಪಟ್ಟಿಯಲ್ಲಿ ರೂಪದ ಮಾತಾಗಲೀ ತೂಕದ ಮಾತಾಗಲೀ ಇಲ್ಲ. ತನ್ನ ತಪ್ಪನ್ನು ಕ್ಷಮಿಸಿಕೊಳ್ಳುವ ಬಗೆಗಿನ ಹೇಳಿಕೆಗೆ ಸೊನ್ನೆ, ತನ್ನನ್ನು ಶಿಕ್ಷಿಸಿಕೊಳ್ಳುವ ಬಗೆಗಿನ ಹೇಳಿಕೆಗೆ ನೂರು ಎಂದು ಗುರುತಿಸಿದ ಹಾಳೆಯೊಂದು ಚಿಕಿತ್ಸಕರ ಮೇಜಿನ ಮೇಲೆ ಬಂದಾಗ, ಆ ವ್ಯಕ್ತಿ ತೋರಿಕೆಗೆ ಎಷ್ಟು ಆರೋಗ್ಯವಾಗಿದ್ದರೂ ಅದನ್ನು ಹಗುರವಾಗಿ ಕಾಣುವಂತಿಲ್ಲ.

ಈ ಪ್ರಶ್ನಾವಳಿಯನ್ನು ಆಹಾರಸೇವನೆಯ ಅಸ್ವಸ್ಥತೆಗಳಲ್ಲಿ ವ್ಯಾಪಕವಾಗಿ ಬಳಸಿದ ದೇಶ ಸ್ವೀಡನ್. 1999ರಿಂದ ಅಲ್ಲಿ ಈ ರೋಗಗಳ ಚಿಕಿತ್ಸೆಗೆಂದೇ ರಿಕ್ಸೆಟ್ ಎಂಬ ರಾಷ್ಟ್ರೀಯ ದಾಖಲೆ ನಡೆದುಬಂದಿದ್ದು, ವಿಶೇಷ ಚಿಕಿತ್ಸಾಲಯಗಳಿಗೆ ಬರುವವರ ಮಾಹಿತಿ ಏಕರೂಪದಲ್ಲಿ ಸಂಗ್ರಹವಾಗುತ್ತದೆ. ಸ್ವೀಡನ್ನಿನ ರೋಗಿಗಳನ್ನು ಮೂರು ವರ್ಷ ಅನುಸರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಋಣಾತ್ಮಕ ಸ್ವಬಿಂಬವಿದ್ದವರ ಚೇತರಿಕೆ ಕಳಪೆಯಾಗುವ ಪ್ರವೃತ್ತಿಯನ್ನು ಗುರುತಿಸಿತು. 2014ರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ಸಂಶೋಧಕರು ಜೊತೆಗೂಡಿ ಸ್ವೀಡನ್ನಿನ ವಯಸ್ಕ ರೋಗಿಗಳ ದಾಖಲೆಯನ್ನು ಪರಿಶೀಲಿಸಿ, ಸ್ವಬಿಂಬಕ್ಕೂ ಆತ್ಮಹತ್ಯೆಯ ಯತ್ನಕ್ಕೂ ನಂಟಿರುವುದನ್ನು ತೋರಿಸಿದರು. ಇಂತಹ ನಂಟು ಕಾರಣಸಂಬಂಧವನ್ನು ತಾನಾಗಿ ಸಾಧಿಸುವುದಿಲ್ಲ, ಏಕೆಂದರೆ ಖಿನ್ನತೆ ಸ್ವಬಿಂಬವನ್ನೂ ಕೆಡಿಸುತ್ತದೆ, ಸಾಯುವ ಯೋಚನೆಯನ್ನೂ ತರುತ್ತದೆ. ಆದರೂ ಅಪಾಯದಲ್ಲಿರುವವರನ್ನು ಮೊದಲೇ ಗುರುತಿಸಬೇಕಾದ ಚಿಕಿತ್ಸಕರಿಗೆ, ಹಾಳೆಯೊಂದರಲ್ಲಿ ಸಿಗುವ ಈ ಸೂಚನೆ ಸಣ್ಣ ನೆರವೇನೂ ಅಲ್ಲ.

ಅಪಾಯದ ಪ್ರಮಾಣ

ಸಾವಿನ ಲೆಕ್ಕ ಹಾಕುವಾಗ ಬಳಸುವ ಪ್ರಮಾಣೀಕೃತ ಮರಣ ಅನುಪಾತವೆಂದರೆ, ಅದೇ ವಯಸ್ಸು ಮತ್ತು ಲಿಂಗದ ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದ ಸಾವುಗಳಿಗೆ ಹೋಲಿಸಿದರೆ ರೋಗಿಗಳಲ್ಲಿ ಎಷ್ಟು ಪಟ್ಟು ಸಾವುಗಳಾಗಿವೆ ಎಂಬ ಸಂಖ್ಯೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ, 2011ರಲ್ಲಿ ಪ್ರಕಟವಾದ ಆರ್ಸೆಲಸ್ ಮತ್ತು ಸಂಗಡಿಗರ ವರದಿಯ ಪ್ರಕಾರ ಈ ಅನುಪಾತ ಅನೊರೆಕ್ಸಿಯಾದಲ್ಲಿ 5.86, ಬುಲಿಮಿಯಾದಲ್ಲಿ 1.93, ಅನೊರೆಕ್ಸಿಯಾ ಇದ್ದು ಸತ್ತ ಐವರಲ್ಲಿ ಒಬ್ಬರು ಆತ್ಮಹತ್ಯೆಯಿಂದ ಸತ್ತಿದ್ದರು. ಅದೇ ವರ್ಷ ಹೊರಬಂದ ಪ್ರೇಟಿ ಮತ್ತು ಸಂಗಡಿಗರ ವಿಶ್ಲೇಷಣೆ ಆತ್ಮಹತ್ಯೆಯನ್ನೇ ಪ್ರತ್ಯೇಕಿಸಿ ನೋಡಿದಾಗ, ಅನುಪಾತ ಅನೊರೆಕ್ಸಿಯಾದಲ್ಲಿ 31ಕ್ಕೆ, ಬುಲಿಮಿಯಾದಲ್ಲಿ 7.5ಕ್ಕೆ ಏರಿತು.

ಆತ್ಮಹತ್ಯೆಯ ಯತ್ನಗಳನ್ನು ಗಮನಿಸಿದರೆ ಚಿತ್ರ ಬೇರೆಯಾಗುತ್ತದೆ. ಅಮೆರಿಕದಲ್ಲಿ 36,171 ವಯಸ್ಕರ ರಾಷ್ಟ್ರೀಯ ಸಮೀಕ್ಷೆಯ ಆಧಾರದ ಮೇಲೆ 2019ರಲ್ಲಿ ಪ್ರಕಟವಾದ ಲೇಖನದಂತೆ, ಜೀವನದಲ್ಲಿ ಒಮ್ಮೆಯಾದರೂ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಅನೊರೆಕ್ಸಿಯಾ ಇದ್ದವರಲ್ಲಿ ಶೇಕಡಾ 24.9, ಬುಲಿಮಿಯಾ ಇದ್ದವರಲ್ಲಿ 31.4, ಬಿಂಜ್ ಈಟಿಂಗ್ ಇದ್ದವರಲ್ಲಿ 22.9. ಅನೊರೆಕ್ಸಿಯಾದೊಳಗೇ ಎರಡು ಉಪಬಗೆಗಳನ್ನು ಬೇರ್ಪಡಿಸಿದಾಗ, ಬರಿದೇ ಊಟ ಕಡಿಮೆ ಮಾಡುವವರಲ್ಲಿ ಅದು 15.7ರಷ್ಟಿದ್ದು, ಅತಿಯಾಗಿ ತಿಂದು ಹೊರಹಾಕುವವರಲ್ಲಿ 44.1ಕ್ಕೆ ಮುಟ್ಟಿತ್ತು. ಮೂಳೆ ಎಣಿಸುವಂತಾದ ರೋಗಿಯನ್ನು ಕಂಡು ಕಳವಳಪಡುವ ಮನೆಯವರು, ತೂಕ ಸಾಮಾನ್ಯವಾಗಿರುವ, ನಗುತ್ತ ಓಡಾಡುವ, ಊಟದ ನಂತರ ಮಾತ್ರ ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುವ ವ್ಯಕ್ತಿಯ ಬಗ್ಗೆ ನಿಶ್ಚಿಂತರಾಗಿರುತ್ತಾರೆ. ಈ ಅಂಕಿಗಳು ಅಂತಹ ನಿಶ್ಚಿಂತೆಗೆ ಆಸ್ಪದ ಕೊಡುವುದಿಲ್ಲ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಮೇಲಿನ ಮರಣದ ಅಂಕಿಗಳು ಬಹುಮಟ್ಟಿಗೆ ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರಿಂದ ಬಂದವು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಹದಿಹರೆಯದಲ್ಲಿ ಅನೊರೆಕ್ಸಿಯಾ ಬಂದ 51 ಮಂದಿಯನ್ನು ಆಸ್ಪತ್ರೆಯಿಂದಲ್ಲದೆ ಸಮುದಾಯದಿಂದ ಆರಿಸಿ, ಕ್ರಿಸ್ಟೊಫರ್ ಗಿಲ್‌ಬರ್ಗ್, ಮಾರಿಯಾ ರೋಸ್ಟಮ್ ಮತ್ತು ಅವರ ಸಹೋದ್ಯೋಗಿಗಳು 30 ವರ್ಷಗಳವರೆಗೆ ಅನುಸರಿಸಿದಾಗ ಅವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಐವರಲ್ಲಿ ಸುಮಾರು ನಾಲ್ವರಿಗೆ ಆ ಹೊತ್ತಿಗೆ ಆಹಾರಸೇವನೆಯ ಯಾವ ಅಸ್ವಸ್ಥತೆಯೂ ಇರಲಿಲ್ಲ. ರೋಗ ಬಂದವರೆಲ್ಲರ ಹಣೆಬರಹ ಒಂದೇ ಅಲ್ಲ ಎಂಬುದನ್ನು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗವೇ ಆಗಿದೆ.

ಸ್ವಬಿಂಬದಿಂದ ಸಾವಿನ ಯೋಚನೆಯವರೆಗೆ

ಆತ್ಮಹತ್ಯೆಗೆ ಎಂದೂ ಒಂದೇ ಕಾರಣವಿರುವುದಿಲ್ಲ. ಹಲವು ಎಳೆಗಳು ಹೆಣೆದುಕೊಂಡಾಗ ಅಪಾಯ ಬಲಿಯುತ್ತದೆ. ಈ ಎಳೆಗಳನ್ನು ಅರಿಯಲು ನೆರವಾಗುವ ಸಿದ್ಧಾಂತಗಳಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್‌ನದು ಗಮನಾರ್ಹ. ತಾನು ಇಟ್ಟುಕೊಂಡ ಅತಿ ಎತ್ತರದ ಆದರ್ಶಕ್ಕೆ ತಾನು ಸಾಲದವನೆಂದು ಪದೇಪದೇ ಅನ್ನಿಸಿದಾಗ, ತನ್ನ ಅರಿವೇ ನೋವಿನ ಮೂಲವಾಗಿ, ಆ ಅರಿವಿನಿಂದ ಓಡಿಹೋಗಲು ಮನಸ್ಸು ಹವಣಿಸುತ್ತದೆ ಎಂದು ಆತ 1990ರಲ್ಲಿ ಆತ್ಮಹತ್ಯೆಯನ್ನು ವಿವರಿಸಿದನು. ಮರುವರ್ಷ ಟಾಡ್ ಹೆದರ್ಟನ್ ಜೊತೆಗೂಡಿ ಹತೋಟಿ ಮೀರಿ ತಿನ್ನುವುದಕ್ಕೂ ಅದೇ ವಿವರಣೆಯನ್ನು ಕೊಟ್ಟನು. ತಿನ್ನುವ ಆ ಅರ್ಧ ಗಂಟೆ ನಾನು ಎಂಬುದು ಮರೆಯಾಗುತ್ತದೆ, ತಟ್ಟೆ ಮತ್ತು ಬಾಯಿಯ ನಡುವೆ ಬೇರೆ ಯೋಚನೆಗೆ ಎಡೆಯಿರುವುದಿಲ್ಲ. ಮುಗಿದ ಕೂಡಲೇ ನಾಚಿಕೆ ಮತ್ತು ಅಸಹ್ಯದೊಂದಿಗೆ ಆ ನಾನು ಮೊದಲಿಗಿಂತ ಹೆಚ್ಚು ಅಸಹನೀಯವಾಗಿ ಮರಳುತ್ತದೆ. ಎರಡು ಬೇರೆ ವರ್ತನೆಗಳು ಒಂದೇ ಸ್ವದ್ವೇಷದಿಂದ ಪಾರಾಗುವ ಯತ್ನಗಳೆಂದು ಕಂಡದ್ದು ಈ ವಿಚಾರದ ಬಲ.

ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ಅಂತರ್‌ವ್ಯಕ್ತಿ ಸಿದ್ಧಾಂತ ಇನ್ನೊಂದು ದಿಕ್ಕಿನಿಂದ ಬರುತ್ತದೆ. ತಾನು ಯಾರಿಗೂ ಸೇರಿದವನಲ್ಲ ಎಂಬ ಒಂಟಿತನ ಮತ್ತು ತಾನು ಎಲ್ಲರಿಗೂ ಹೊರೆ ಎಂಬ ನಂಬಿಕೆ ಸಾಯುವ ಬಯಕೆಯನ್ನು ಹುಟ್ಟಿಸುತ್ತವೆ. ನೋವು ಮತ್ತು ಭಯಗಳನ್ನು ಪದೇಪದೇ ಸಹಿಸಿ ಅವುಗಳಿಗೆ ಒಗ್ಗಿಹೋದವರಲ್ಲಿ ಆ ಬಯಕೆ ಕೃತಿಗಿಳಿಯುವ ಸಂಭವ ಹೆಚ್ಚುತ್ತದೆ. ಹಸಿವು, ವಾಂತಿ ಮತ್ತು ದಣಿವಿಗೆ ವರ್ಷಗಟ್ಟಲೆ ದೇಹವನ್ನು ಒಡ್ಡಿದವರಿಗೆ ಈ ಮೂರನೆಯ ಅಂಶ ಅನ್ವಯಿಸುತ್ತದೆಂದು ಹಲವರು ವಾದಿಸಿದ್ದಾರೆ. ಹೊರೆಯೆಂಬ ಭಾವವಂತೂ ವಯಸ್ಕ ರೋಗಿಗಳಲ್ಲಿ ಬಲವಾಗಿರುತ್ತದೆ. ಹದಿನಾರರ ಹುಡುಗಿಗೆ ತಾಯಿ ತಂದೆ ಎದುರು ಕೂತು ಊಟ ಮಾಡಿಸುತ್ತಾರೆ. ಮೂವತ್ತೈದರ ಹೆಂಗಸಿಗೆ ಹಾಗೆ ಕೂರುವವರಿಲ್ಲ, ಬದಲಿಗೆ ಆಕೆಯೇ ಊಟ ಬಡಿಸಬೇಕಾದ ಮಕ್ಕಳಿರಬಹುದು, ಕೈಬಿಟ್ಟ ಓದು, ಮುರಿದ ಮದುವೆ, ನಿಲ್ಲದ ನೌಕರಿ, ಹಲವು ಬಾರಿ ವಿಫಲವಾದ ಚಿಕಿತ್ಸೆಗಳ ನೆನಪಿರಬಹುದು. ಇಷ್ಟು ಕಾಲದ ಮೇಲೆ ಇನ್ನು ಗುಣವಾಗುವುದಿಲ್ಲ ಎಂಬ ಹತಾಶೆ, ರೋಗವೇ ತನ್ನ ಗುರುತು ಎಂಬ ಭಾವದೊಂದಿಗೆ ಸೇರಿಕೊಂಡಾಗ ಸ್ವಬಿಂಬದಲ್ಲಿ ಬೇರೆ ಯಾವ ಬಣ್ಣವೂ ಉಳಿಯುವುದಿಲ್ಲ. ಗಂಡಸರ ಪಾಡು ಇನ್ನೂ ಕಷ್ಟ: ಇದು ಹುಡುಗಿಯರ ಕಾಯಿಲೆ ಎಂಬ ತಪ್ಪು ತಿಳಿವಳಿಕೆಯಿಂದ ಅವರ ರೋಗ ಪತ್ತೆಯಾಗುವುದೇ ತಡ, ಹೇಳಿಕೊಳ್ಳುವ ನಾಚಿಕೆಯೂ ಇಮ್ಮಡಿ.

ಹಸಿವು ತಾನೇ ಮನಸ್ಸನ್ನು ಕೆಡಿಸುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಎರಡನೆಯ ಮಹಾಯುದ್ಧದ ಕಾಲದ್ದು. 1944-45ರಲ್ಲಿ ಆನ್ಸೆಲ್ ಕೀಸ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗದಲ್ಲಿ, ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿ ಒಪ್ಪದೆಂದು ನಿರಾಕರಿಸಿದ್ದ 36 ಮಂದಿ ತರುಣರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಮೊದಲು ಮಾನಸಿಕವಾಗಿ ಗಟ್ಟಿಯಾಗಿದ್ದವರೇ ದಿನ ಕಳೆದಂತೆ ಮಂಕಾದರು, ರೇಗತೊಡಗಿದರು, ಗೆಳೆಯರಿಂದ ದೂರವಾದರು. ಕನಸಿನಲ್ಲೂ ಊಟವನ್ನೇ ಕಂಡರು, ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದಿದರು. ಅನೊರೆಕ್ಸಿಯಾದ ರೋಗಿಯಲ್ಲಿ ಕಾಣುವ ಖಿನ್ನತೆಯಲ್ಲಿ ಎಷ್ಟು ಪಾಲು ಹಸಿವಿನದು, ಎಷ್ಟು ಮೊದಲಿನದು ಎಂದು ಬೇರ್ಪಡಿಸಲು ಪೋಷಣೆ ಒಂದು ಮಟ್ಟಕ್ಕೆ ಬರುವವರೆಗೆ ಕಾಯಬೇಕಾಗುತ್ತದೆ.

ಬಾಲ್ಯದ ದೌರ್ಜನ್ಯ, ಆತಂಕ, ಮದ್ಯ ಮತ್ತು ಮಾದಕ ವ್ಯಸನ, ಭಾವನೆಗಳ ಮೇಲಿನ ಹತೋಟಿಯ ಕೊರತೆ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ವಂಶದ ಪಾತ್ರವೂ ಇದೆ: ಸ್ವೀಡನ್ನಿನ 22 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳಲ್ಲಷ್ಟೇ ಅಲ್ಲದೆ ಅವರ ಒಡಹುಟ್ಟಿದವರಲ್ಲೂ ಆತ್ಮಹತ್ಯೆಯ ಯತ್ನಗಳು ಹೆಚ್ಚಾಗಿ ಕಂಡುಬಂದವು.

ವಿಚಾರಣೆ ಮತ್ತು ಚಿಕಿತ್ಸೆ

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಅಂಜಿಕೆಗೆ ಸಂಶೋಧನೆಯಲ್ಲಿ ಆಧಾರವಿಲ್ಲ. ಕೇಳಿದ್ದರಿಂದ ಎದೆಯ ಭಾರ ಇಳಿಯಿತೆಂದು ಹೇಳುವವರೇ ಹೆಚ್ಚು. ತೂಕ ಏರಿದ್ದನ್ನು ಗುಣವಾದದ್ದೆಂದು ತಿಳಿದು ಈ ಪ್ರಶ್ನೆಯನ್ನು ಕೈಬಿಡುವುದು ಸಾಮಾನ್ಯವಾಗಿ ಆಗುವ ಲೋಪ. ರೋಗಿಯ ಕಣ್ಣಲ್ಲಿ ಏರುತ್ತಿರುವ ತೂಕವು ಸೋಲಿನ ಗುರುತಾಗಿರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದಾಗ ಎಲ್ಲರೂ ಈಗ ಚೆನ್ನಾಗಿ ಕಾಣುತ್ತೀಯ ಎಂದು ಸಂತೋಷದಿಂದ ಹೇಳುವ ಮಾತು ಒಳಗೆ ದಪ್ಪಗಾಗಿದ್ದೀಯ ಎಂದೇ ಕೇಳಿಸುತ್ತದೆ. ದೇಹ ಮೊದಲು ಸುಧಾರಿಸುತ್ತದೆ, ವರ್ತನೆ ಆಮೇಲೆ, ಸ್ವಬಿಂಬ ಎಲ್ಲಕ್ಕಿಂತ ತಡವಾಗಿ. ಈ ಅಂತರದ ತಿಂಗಳುಗಳಲ್ಲಿ ನಿಗಾ ಸಡಿಲವಾಗಬಾರದು.

ವಯಸ್ಕರಿಗೆ ಹೆಚ್ಚು ಪುರಾವೆಯಿರುವ ಚಿಕಿತ್ಸೆ, ಆಕ್ಸ್‌ಫರ್ಡಿನ ಕ್ರಿಸ್ಟಫರ್ ಫೇರ್‌ಬರ್ನ್ ರೂಪಿಸಿದ ವಿಸ್ತೃತ ಅರಿವಿನ ವರ್ತನಾ ಚಿಕಿತ್ಸೆ. ಇದರಲ್ಲೊಂದು ಸರಳ ಅಭ್ಯಾಸವಿದೆ. ರೋಗಿ ಕಾಗದದ ಮೇಲೆ ಒಂದು ವೃತ್ತ ಬರೆದು, ತನ್ನ ಬೆಲೆಯನ್ನು ತಾನು ಯಾವ ಯಾವ ಸಂಗತಿಗಳಿಂದ ಅಳೆಯುತ್ತೇನೆಂದು ಹೋಳುಗಳಾಗಿ ವಿಭಜಿಸಬೇಕು. ಕೆಲಸಕ್ಕೆ ಒಂದು ಸೀಳು, ಗೆಳೆತನಕ್ಕೆ ಇನ್ನೊಂದು ಎಂದು ಗೆರೆ ಎಳೆಯುತ್ತ ಬಂದಾಗ, ತೂಕ ಮತ್ತು ಆಕಾರದ ಹೋಳು ವೃತ್ತದ ಬಹುಭಾಗವನ್ನು ಆಕ್ರಮಿಸಿರುವುದು ರೋಗಿಯ ಕಣ್ಣಿಗೇ ಬೀಳುತ್ತದೆ. ಆ ಹೋಳನ್ನು ಹೇಗಾದರೂ ಕಿರಿದಾಗಿಸಲು ಹೊರಡುವುದರ ಜೊತೆಗೆ, ಬತ್ತಿಹೋದ ಉಳಿದ ಹೋಳುಗಳನ್ನು ಬೆಳೆಸುವ ಕೆಲಸ, ಅಂದರೆ ಬಿಟ್ಟಿದ್ದ ಸಂಗೀತ, ಮರೆತ ಗೆಳತಿ, ಊರಿನ ಹಬ್ಬ ಇವಕ್ಕೆ ಮರಳುವ ಕೆಲಸ ನಡೆಯುತ್ತದೆ. ಬುಲಿಮಿಯಾದಲ್ಲಿ ಫ್ಲೂಆಕ್ಸೆಟಿನ್ ಎಂಬ ಔಷಧಿಗೆ ನಿಶ್ಚಿತ ಪ್ರಯೋಜನವಿದೆ. ಅನೊರೆಕ್ಸಿಯಾದಲ್ಲಿ ಅಂತಹ ಔಷಧಿ ದೊರೆತಿಲ್ಲ. ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವವರಿಗೆ ಮಾರ್ಷಾ ಲೈನಹನ್ ಕಂಡುಹಿಡಿದ ದ್ವಂದ್ವಾತ್ಮಕ ವರ್ತನಾ ಚಿಕಿತ್ಸೆಯನ್ನೂ, ನಾಚಿಕೆ ಮತ್ತು ಸ್ವದೂಷಣೆ ಬಲವಾಗಿರುವವರಿಗೆ ಪಾಲ್ ಗಿಲ್ಬರ್ಟ್ ರೂಪಿಸಿದ ಕರುಣಾಕೇಂದ್ರಿತ ಚಿಕಿತ್ಸೆಯನ್ನೂ ಬಳಸುತ್ತಾರೆ.

ಆತ್ಮಹತ್ಯೆಯ ಯೋಚನೆಯಿರುವವರೊಂದಿಗೆ ಕೂತು ಬರೆಯುವ ಸುರಕ್ಷಾ ಯೋಜನೆಯನ್ನು ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ 2012ರಲ್ಲಿ ವಿವರಿಸಿದರು. ಅಪಾಯ ಹತ್ತಿರವಾಗುತ್ತಿರುವ ಲಕ್ಷಣಗಳು, ತಾನೇ ಮಾಡಿಕೊಳ್ಳಬಹುದಾದ ಸಮಾಧಾನ, ಹೋಗಿ ಕೂರಬಹುದಾದ ಜಾಗ, ಫೋನ್ ಮಾಡಬಹುದಾದ ಬಂಧುಮಿತ್ರರು, ವೈದ್ಯರ ಮತ್ತು ಸಹಾಯವಾಣಿಯ ಸಂಖ್ಯೆ, ಮನೆಯ ವಾತಾವರಣವನ್ನು ಸುರಕ್ಷಿತಗೊಳಿಸುವ ಬಗೆ, ಇಷ್ಟೂ ಒಂದೇ ಹಾಳೆಯಲ್ಲಿ ರೋಗಿಯ ಸ್ವಂತ ಮಾತುಗಳಲ್ಲಿರುತ್ತವೆ. ಮನಸ್ಸು ಕುದಿಯುವ ಗಳಿಗೆಯಲ್ಲಿ ಯೋಚಿಸುವ ಶಕ್ತಿ ಉಡುಗುವುದರಿಂದ, ಮೊದಲೇ ಬರೆದಿಟ್ಟದ್ದು ಕೈಹಿಡಿಯುತ್ತದೆ.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ಈ ರೋಗಗಳು ಪಾಶ್ಚಾತ್ಯರಿಗೆ ಮಾತ್ರ ಸೀಮಿತ ಎಂಬ ನಂಬಿಕೆ ಬಹುಕಾಲ ಇತ್ತು. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1990ರ ದಶಕದ ಆರಂಭದಲ್ಲಿ, ಅಲ್ಲಿನ ಅನೊರೆಕ್ಸಿಯಾದ ರೋಗಿಗಳಲ್ಲಿ ಹಲವರು ದಪ್ಪಗಾಗುವ ಭಯವನ್ನೇ ಹೇಳದೆ ಹೊಟ್ಟೆ ಉಬ್ಬರ, ಅರುಚಿಗಳನ್ನು ಕಾರಣವಾಗಿ ಕೊಡುತ್ತಾರೆಂದು ತೋರಿಸಿದ ಮೇಲೆ ಏಷ್ಯಾದ ವೈದ್ಯರ ದೃಷ್ಟಿ ಬದಲಾಯಿತು. ಭಾರತದಲ್ಲಿಯೂ ಈ ಬಗೆ ಕಂಡುಬಂದಿದೆ. ಚೆನ್ನೈನ ಟಿ. ಎನ್. ಶ್ರೀನಿವಾಸನ್ ಮತ್ತು ಸಂಗಡಿಗರು 210 ವೈದ್ಯಕೀಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇಕಡಾ 14.8ರಷ್ಟು ಮಂದಿಯಲ್ಲಿ ಪೂರ್ಣರೋಗವಲ್ಲದ, ಆದರೆ ಊಟದ ಸುತ್ತ ಸಂಕಟವಿರುವ ಸ್ಥಿತಿಯನ್ನು ಗುರುತಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಹಲೇಖಕರು ನಗರದ ಮನೋವೈದ್ಯರ ಸಮೀಕ್ಷೆ ನಡೆಸಿ 2012ರಲ್ಲಿ ಪ್ರಕಟಿಸಿದ ಲೇಖನ, ಇಂತಹ ರೋಗಿಗಳು ನಗರದ ಚಿಕಿತ್ಸಾಲಯಗಳಿಗೆ ಬರುತ್ತಿರುವುದನ್ನು ದಾಖಲಿಸಿತು.

ಕನ್ನಡದ ಮನೆಗಳಲ್ಲಿ ಈ ಕಾಯಿಲೆಗೆ ಅಡಗಲು ಬೇಕಾದಷ್ಟು ಜಾಗವಿದೆ. ಗ್ಯಾಸ್ಟ್ರಿಕ್ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಸೋಮವಾರ, ಗುರುವಾರ, ಏಕಾದಶಿ, ಸಂಕಷ್ಟಿಗಳ ಒಪ್ಪತ್ತು ಸೇರಿಕೊಂಡರೆ ವಾರದ ಅರ್ಧ ದಿನಗಳು ಗೌರವದಿಂದಲೇ ಕಳೆಯುತ್ತವೆ. ಉಪವಾಸ ರೋಗವಲ್ಲ, ಶ್ರದ್ಧೆಯಿಂದ ಮಾಡುವವರ ವ್ರತವನ್ನು ಅನುಮಾನಿಸುವುದೂ ಸಲ್ಲದು; ವ್ರತ ಮುಗಿದ ಮೇಲೂ ಪಾರಣೆಯ ಊಟಕ್ಕೆ ಕೂರಲು ಹೆದರುವವರನ್ನು ಮಾತ್ರ ಮನೆಯವರು ಗಮನಿಸಬೇಕು. ಮದುವೆಮನೆಯಲ್ಲಿ ಎಷ್ಟು ಸಣ್ಣಗಾಗಿದ್ದೀಯೇ, ಏನೇ ಇಷ್ಟು ದಪ್ಪಗಾಗಿದ್ದೀಯ ಎಂದು ಅತ್ತೆ, ದೊಡ್ಡಮ್ಮಂದಿರು ಪ್ರೀತಿಯಿಂದಲೇ ಆಡುವ ಮಾತು, ತೂಕದಿಂದ ತನ್ನ ಬೆಲೆ ಕಟ್ಟಿಕೊಳ್ಳುವವರ ಮನಸ್ಸಿನಲ್ಲಿ ತಿಂಗಳುಗಟ್ಟಲೆ ಕೊರೆಯುತ್ತದೆ.

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೆಯ ವಿಧಿಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯಿಂದ ರಕ್ಷಿಸುವುದಲ್ಲದೆ, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆದ್ದರಿಂದ ಪೊಲೀಸು ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದಿರುವ ಅಗತ್ಯ ಈಗ ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯಷ್ಟೇ ಅಲ್ಲ, ಏನು ಮಾಡಬೇಕೆಂದು ತೋಚದ ತಾಯಿ, ಗಂಡ, ಗೆಳತಿ ಯಾರೇ ಕರೆ ಮಾಡಿದರೂ ಆ ಕಡೆಯಿಂದ ಆಪ್ತಸಮಾಲೋಚಕರು ಮಾತನಾಡುತ್ತಾರೆ.